ಗಣಕಯಂತ್ರ ಚಾಲೂ ಆದರೂ ಪರದೆ ಕಪ್ಪು: ದುರಸ್ತಿಗೆ ಒಯ್ಯುವ ಮುನ್ನ ಪರೀಕ್ಷಿಸಬೇಕಾದ್ದೇನು?

ಕೊಪ್ಪಳ: ಗುಂಡಿ ಒತ್ತಿದೊಡನೆ ಗಣಕಯಂತ್ರದ ದೀಪ ಹೊತ್ತುತ್ತದೆ, ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಮಾತ್ರ ಏನೂ ಮೂಡುವುದಿಲ್ಲ. ಮನೆಯಲ್ಲಾದರೆ ಇದು ಒಂದು ದಿನದ ಕಿರಿಕಿರಿ. ಆದರೆ ಬೆಳೆ ವಿಮೆ ನೋಂದಣಿಯ ಕೊನೆಯ ದಿನ ಸಮೀಪಿಸಿದಾಗ ಗ್ರಾಮ ಒನ್ ಕೇಂದ್ರದಲ್ಲಿಯೋ ಗ್ರಾಮ ಪಂಚಾಯಿತಿಯಲ್ಲಿಯೋ ಹೀಗಾದರೆ, ಸರದಿಯಲ್ಲಿ ನಿಂತ ರೈತರು ಹೊಲದ ಕೆಲಸ ಬಿಟ್ಟು ಮತ್ತೊಮ್ಮೆ ಬರಬೇಕಾಗುತ್ತದೆ.

ಹಿಂದೆ ಗ್ರಾಮ ಲೆಕ್ಕಾಧಿಕಾರಿಗಳು ಪಹಣಿಯನ್ನು ಕೈಯಲ್ಲಿ ಬರೆದುಕೊಡುತ್ತಿದ್ದರು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆಯಡಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೇರಿದಂತೆ ರಾಜ್ಯದ ತಾಲ್ಲೂಕು ಕೇಂದ್ರಗಳಲ್ಲಿ ಗಣಕೀಕೃತ ಪಹಣಿ ವಿತರಣೆ ಆರಂಭವಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅಂದಿನಿಂದ ಪರದೆ ಬೆಳಗದಿದ್ದರೆ ಕಾಗದವೂ ಹೊರಬಾರದು ಎಂಬಂತಾಗಿದೆ.

ಆದರೆ ಪರದೆ ಕಪ್ಪಾದ ಮಾತ್ರಕ್ಕೆ ದಾಖಲೆಗಳು ಅಳಿದವೆಂದು ಗಾಬರಿಯಾಗಬೇಕಿಲ್ಲ. ಪಹಣಿಯ ದತ್ತಾಂಶ ಸರ್ಕಾರದ ಸರ್ವರ್‌ನಲ್ಲಿರುತ್ತದೆ. ಸ್ವಂತ ಕಡತಗಳು ಹಾರ್ಡ್ ಡಿಸ್ಕ್‌ನಲ್ಲಿರುತ್ತವೆ. ದೋಷ ಅನೇಕ ವೇಳೆ ಸಡಿಲವಾದ ಕೇಬಲ್ ಅಥವಾ ಧೂಳು ಹಿಡಿದ ರ‍್ಯಾಮ್‌ನಷ್ಟು ಚಿಕ್ಕದಾಗಿರುತ್ತದೆ. ಕ್ರಮವಾಗಿ ಪರೀಕ್ಷಿಸಿದರೆ ಅದು ಎಲ್ಲಿದೆ ಎಂಬುದನ್ನು ಬಳಕೆದಾರರೇ ಗುರುತಿಸಬಹುದು.

ಮೊದಲ ಕ್ಷಣಗಳಲ್ಲಿ ನಡೆಯುವುದೇನು?

ವಿದ್ಯುತ್ ಹರಿದೊಡನೆ ಮದರ್‌ಬೋರ್ಡ್‌ನಲ್ಲಿರುವ ‘ಬಯೋಸ್’ ಎಂಬ ಪುಟ್ಟ ತಂತ್ರಾಂಶ ಎಚ್ಚೆತ್ತು, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಈ ಪರೀಕ್ಷೆಯಲ್ಲಿ ಪ್ರಮುಖ ಭಾಗವೊಂದು ಸೋತರೆ ಪರದೆಗೆ ಸಂಕೇತವೇ ಹೋಗುವುದಿಲ್ಲ. ವಿಂಡೋಸ್ ಚಾಲನೆಗೊಳ್ಳುವುದು ಇದಾದ ನಂತರ. ಆದ್ದರಿಂದ ಆರಂಭದಿಂದಲೇ ಪರದೆ ಕಪ್ಪಾಗಿದ್ದರೆ ವಿಂಡೋಸ್ ಮರುಸ್ಥಾಪಿಸಿ ಪ್ರಯೋಜನವಿಲ್ಲ.

ಮಾನಿಟರ್ ದೀಪ ಗಮನಿಸಿ

ಮಾನಿಟರ್‌ನ ಚಿಕ್ಕ ದೀಪ ಹೊತ್ತದೇ ಇದ್ದರೆ ಅದಕ್ಕೆ ವಿದ್ಯುತ್ ತಲುಪುತ್ತಿಲ್ಲ. ಪ್ಲಗ್, ಸ್ವಿಚ್, ಅಡಾಪ್ಟರ್ ನೋಡಬೇಕು. ದೀಪ ಕಿತ್ತಳೆ ಬಣ್ಣದಲ್ಲಿದ್ದರೆ ಅಥವಾ ‘ನೋ ಸಿಗ್ನಲ್’ ಎಂಬ ಸೂಚನೆ ಬಂದರೆ ಸಾಮಾನ್ಯವಾಗಿ ಮಾನಿಟರ್ ಸರಿಯಿದೆ, ಸಂಕೇತ ಬರುತ್ತಿಲ್ಲ ಎಂದರ್ಥ. ದೀಪ ಹಸಿರು ಅಥವಾ ನೀಲಿಯಾಗಿದ್ದೂ ಪರದೆ ಕಪ್ಪಾಗಿದ್ದರೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಬೇಕು. ಮಸುಕಾಗಿ ಚಿತ್ರ ಕಂಡರೆ ಹಿಂಬದಿಯ ಬೆಳಕಿನ ವ್ಯವಸ್ಥೆ ಕೆಟ್ಟಿದೆ ಎಂದು ತಿಳಿಯಬಹುದು.

ಕೇಬಲ್ ಮತ್ತು ಕಿಂಡಿ

ವಿಜಿಎ ಕೇಬಲ್ ಬಿಚ್ಚಿ ಪಿನ್‌ಗಳು ಬಾಗಿವೆಯೇ ನೋಡಿ, ಮತ್ತೆ ಜೋಡಿಸಿ ತಿರುಪು ಬಿಗಿಗೊಳಿಸಬೇಕು. 15 ಪಿನ್‌ಗಳ ಪೈಕಿ 9ನೆಯದು ಕೆಲವು ಕೇಬಲ್‌ಗಳಲ್ಲಿ ತಯಾರಿಕೆಯಿಂದಲೇ ಇರುವುದಿಲ್ಲ, ಅದು ದೋಷವಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲನ್ನು ಆ ಕಾರ್ಡ್‌ನ ಕಿಂಡಿಗೇ ಜೋಡಿಸಬೇಕು. ಸಾಧ್ಯವಾದರೆ ಬೇರೊಂದು ಕೇಬಲ್, ಬೇರೊಂದು ಮಾನಿಟರ್ ಜೋಡಿಸಿ ನೋಡುವುದು ಖಚಿತವಾದ ಪರೀಕ್ಷೆ. ಕೀಲಿಮಣೆಯ ‘ಕ್ಯಾಪ್ಸ್ ಲಾಕ್’ ಒತ್ತಿದಾಗಲೆಲ್ಲ ಅದರ ದೀಪ ಹೊತ್ತಿ ಆರುತ್ತಿದ್ದರೆ ಯಂತ್ರ ಒಳಗೆ ಕೆಲಸ ಮಾಡುತ್ತಿದೆ, ತೊಂದರೆ ಪರದೆಯ ಕಡೆಗಿದೆ ಎಂದು ಊಹಿಸಬಹುದು.

ಬೀಪ್ ಸದ್ದಿನ ಅರ್ಥ

ಮದರ್‌ಬೋರ್ಡ್‌ಗೆ ಪುಟ್ಟ ಸ್ಪೀಕರ್ ಜೋಡಿಸಿದ್ದರೆ ಬಯೋಸ್ ತಾನು ಕಂಡ ದೋಷವನ್ನು ಸದ್ದಿನ ಮೂಲಕ ತಿಳಿಸುತ್ತದೆ. ಅವಾರ್ಡ್ ಬಯೋಸ್‌ನಲ್ಲಿ ಒಂದು ದೀರ್ಘ, ಎರಡು ಹ್ರಸ್ವ ಸದ್ದು ಬಂದರೆ ಗ್ರಾಫಿಕ್ಸ್ ದೋಷ. ಎಎಂಐ ಬಯೋಸ್‌ನಲ್ಲಿ ಅದನ್ನು ಎಂಟು ಬೀಪ್‌ಗಳು ಸೂಚಿಸುತ್ತವೆ. ತಯಾರಕರನ್ನು ಅವಲಂಬಿಸಿ ಅರ್ಥ ಬದಲಾಗುವುದರಿಂದ ಕೈಪಿಡಿ ನೋಡುವುದು ಒಳಿತು. ಇತ್ತೀಚಿನ ಹಲವು ಮದರ್‌ಬೋರ್ಡ್‌ಗಳಲ್ಲಿ ಸದ್ದಿನ ಬದಲು ಸೂಚಕ ದೀಪಗಳಿರುತ್ತವೆ.

ಧೂಳು ಮತ್ತು ರ‍್ಯಾಮ್

ಕುಷ್ಟಗಿ, ಯಲಬುರ್ಗಾದ ಬಯಲುಸೀಮೆಯ ಧೂಳಾಗಲಿ, ಗಂಗಾವತಿಯ ಅಕ್ಕಿ ಗಿರಣಿಗಳ ಹೊಟ್ಟಿನ ಪುಡಿಯಾಗಲಿ, ಫ್ಯಾನ್ ಎಳೆದ ಗಾಳಿಯೊಂದಿಗೆ ಪೆಟ್ಟಿಗೆಯೊಳಗೆ ಸೇರುತ್ತದೆ. ರ‍್ಯಾಮ್ ಸಂಪರ್ಕಕ್ಕೆ ಅಡ್ಡಿಯಾದರೆ ಫ್ಯಾನ್ ತಿರುಗುತ್ತಿದ್ದರೂ ಪರದೆ ಬೆಳಗುವುದಿಲ್ಲ.

ಮೊದಲು ಪ್ಲಗ್ ಕಿತ್ತು, ವಿದ್ಯುತ್ ಗುಂಡಿಯನ್ನು ಕೆಲ ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಬೇಕು. ಪೆಟ್ಟಿಗೆಯ ಲೋಹದ ಭಾಗ ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ ಕಳೆದುಕೊಳ್ಳಬೇಕು. ನಂತರ ರ‍್ಯಾಮ್ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ‘ಕ್ಲಿಕ್’ ಎನ್ನುವವರೆಗೆ ಒತ್ತಿ ಕೂರಿಸಬೇಕು. ಎರಡು ರ‍್ಯಾಮ್‌ಗಳಿದ್ದರೆ ಒಂದೊಂದನ್ನೇ ಹಾಕಿ ನೋಡಿದರೆ ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ.

ದಿನಾಂಕ, ವೇಳೆ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ 3 ವೋಲ್ಟ್ ಬ್ಯಾಟರಿ ಬದಲಿಸುವುದು ಸೂಕ್ತ. ಸಿಆರ್ 2032 ಹೆಸರಿನ ಈ ಬ್ಯಾಟರಿ ಗಡಿಯಾರ ದುರಸ್ತಿ ಅಂಗಡಿಗಳಲ್ಲಿಯೂ ಸಿಗುತ್ತದೆ.

ವಿದ್ಯುತ್ ಏರಿಳಿತ

ಮನೆಗೆ ಬರಬೇಕಾದ ವಿದ್ಯುತ್ 230 ವೋಲ್ಟ್. ಹೊರೆ ಹೆಚ್ಚಿದಾಗ ಅದು ಕುಸಿಯುತ್ತದೆ. ಕಡಿತದ ನಂತರ ಮರಳುವಾಗ ಒಮ್ಮೆಲೇ ಏರಬಹುದು. ಇದರ ಪೆಟ್ಟು ಮೊದಲು ಬೀಳುವುದು ಗಣಕಯಂತ್ರದ ಎಸ್‌ಎಂಪಿಎಸ್ ಘಟಕಕ್ಕೆ. ಅದು ಬಲಗುಂದಿದರೆ ಫ್ಯಾನ್ ತಿರುಗಿದರೂ ಮದರ್‌ಬೋರ್ಡ್‌ಗೆ ಸಾಲುವಷ್ಟು ವಿದ್ಯುತ್ ದೊರೆಯದು. ಯುಪಿಎಸ್ ಹಾಗೂ ಸರಿಯಾದ ಅರ್ಥಿಂಗ್ ಇದಕ್ಕೆ ರಕ್ಷಣೆ.

ಲಾಂಛನ ಬಂದು ಮಾಯವಾದರೆ

ತಯಾರಕರ ಲಾಂಛನ ಮೂಡಿ, ನಂತರ ಪರದೆ ಕಪ್ಪಾದರೆ ಮೊದಲು ತಂತ್ರಾಂಶದ ಕಡೆ ನೋಡಬೇಕು. ವಿಂಡೋಸ್ 10 ಮತ್ತು 11ರಲ್ಲಿ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಚಾಲಕ ತಂತ್ರಾಂಶ ಪುನರಾರಂಭವಾಗುತ್ತದೆ. ಫಲಿಸದಿದ್ದರೆ ‘ಸೇಫ್ ಮೋಡ್’ನಲ್ಲಿ ತೆರೆದು ಆ ಚಾಲಕವನ್ನು ಮರುಸ್ಥಾಪಿಸಬಹುದು.

ಎಚ್ಚರಿಕೆ ಅಗತ್ಯ

ಎಸ್‌ಎಂಪಿಎಸ್ ಪೆಟ್ಟಿಗೆಯನ್ನಾಗಲಿ, ಹಳೆಯ ದಪ್ಪ ಮಾನಿಟರನ್ನಾಗಲಿ ಬಳಕೆದಾರರು ಬಿಚ್ಚಬಾರದು. ಪ್ಲಗ್ ಕಿತ್ತ ನಂತರವೂ ಅವುಗಳೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಸುಟ್ಟ ವಾಸನೆ ಬಂದರೆ ಕೂಡಲೇ ಸಂಪರ್ಕ ಕಡಿದು ತಂತ್ರಜ್ಞರಿಗೆ ಒಪ್ಪಿಸಬೇಕು. ವಾರಂಟಿ ಅವಧಿಯಲ್ಲಿರುವ ಯಂತ್ರ ತೆರೆಯುವ ಮುನ್ನ ಅದರ ಷರತ್ತುಗಳನ್ನು ಓದಿಕೊಳ್ಳಬೇಕು.

ದುರಸ್ತಿಗೆ ಕೊಡುವಾಗ ದೀಪದ ಬಣ್ಣ, ಬೀಪ್ ಎಣಿಕೆ, ಈಗಾಗಲೇ ಮಾಡಿದ ಪರೀಕ್ಷೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಕಡತಗಳ ನಕಲು ಪಡೆಯದೇ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಮಾಡದಂತೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಕಪ್ಪು ಪರದೆಯಿಂದ ಅಳಿಯದ ದಾಖಲೆಗಳು ಅವಸರದ ದುರಸ್ತಿಯಿಂದ ಅಳಿಯುವ ಸಾಧ್ಯತೆಯೇ ಹೆಚ್ಚು.