ಸಿಡ್ನಿಗೆ ಬಂದ ಸಿಸ್ಟರ್ ಲೂಸಿ

ಮಕ್ಕಳೇ, ಆಸ್ಪತ್ರೆಯಲ್ಲಿ ದಾದಿಯರನ್ನು ನಾವು ‘ಸಿಸ್ಟರ್’ ಎಂದು ಕರೆಯುತ್ತೇವಲ್ಲ, ಅಂಥ ಒಬ್ಬ ಸಿಸ್ಟರ್ ಕಥೆಯನ್ನು ಇಂದು ಹೇಳುತ್ತೇನೆ. ಅವರ ಹೆಸರು ಲೂಸಿ ಆಸ್ಬರ್ನ್.

ಲೂಸಿ ಹುಟ್ಟಿದ್ದು 1836ರಲ್ಲಿ, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ. ತಂದೆ ಪ್ರಾಚೀನ ಈಜಿಪ್ಟಿನ ಬಗ್ಗೆ ಪುಸ್ತಕ ಬರೆದ ವಿದ್ವಾಂಸರು. ಮಗಳು ದಾದಿಯಾಗುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಲೂಸಿ ಹಟ ಬಿಡಲಿಲ್ಲ. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ ನೈಟಿಂಗೇಲ್ ಶಾಲೆಗೆ ಸೇರಿ ಕಲಿತೇಬಿಟ್ಟರು.

ಅದೇ ಹೊತ್ತಿಗೆ ಆಸ್ಟ್ರೇಲಿಯಾದಿಂದ ಹೆನ್ರಿ ಪಾರ್ಕ್ಸ್ ಎಂಬ ಮಂತ್ರಿ ಫ್ಲಾರೆನ್ಸ್ ನೈಟಿಂಗೇಲರಿಗೆ ಪತ್ರ ಬರೆದರು: ಸಿಡ್ನಿಯ ಆಸ್ಪತ್ರೆಗೆ ತರಬೇತಾದ ದಾದಿಯರು ಬೇಕು. ಲೂಸಿ ಐವರು ದಾದಿಯರೊಡನೆ ‘ಡನ್ಬಾರ್ ಕ್ಯಾಸಲ್’ ಹಡಗು ಹತ್ತಿದರು. ತಿಂಗಳುಗಟ್ಟಲೆ ಸಮುದ್ರಯಾನ ಮಾಡಿ 1868ರ ಮಾರ್ಚ್ 5ರಂದು ಸಿಡ್ನಿಯಲ್ಲಿ ಇಳಿದರು.

ಒಂದೇ ವಾರದಲ್ಲಿ ಪರೀಕ್ಷೆ ಬಂತು! ಅಲ್ಲಿಗೆ ಪ್ರವಾಸ ಬಂದಿದ್ದ ವಿಕ್ಟೋರಿಯಾ ರಾಣಿಯ ಮಗ ಆಲ್ಫ್ರೆಡ್‌ಗೆ ಯಾರೋ ಗುಂಡು ಹೊಡೆದರು. ಈ ದಾದಿಯರೇ ಆರೈಕೆ ಮಾಡಿದರು. ರಾಜಕುಮಾರ ಬದುಕಿಕೊಂಡ. ಊರೆಲ್ಲ ಅವರನ್ನು ಕೊಂಡಾಡಿತು.

ಆದರೆ ನಿಜವಾದ ಕಷ್ಟ ಆಸ್ಪತ್ರೆಯೊಳಗೇ ಇತ್ತು. ಎಲ್ಲೆಲ್ಲೂ ಕೊಳೆ, ದುರ್ವಾಸನೆ, ತಿಗಣೆ, ಜಿರಳೆ. ಲೂಸಿ ಮೊದಲು ಹಿಡಿದದ್ದು ಪೊರಕೆ ಮತ್ತು ಸಾಬೂನಿನ ಕೆಲಸವನ್ನೇ. ಕೆಲವು ವೈದ್ಯರಿಗೂ ಆಡಳಿತದವರಿಗೂ ಇದು ಹಿಡಿಸಲಿಲ್ಲ. ನಿನ್ನೆ ಬಂದ ಹೆಂಗಸಿನ ಮಾತು ನಾವೇಕೆ ಕೇಳಬೇಕು ಎಂಬ ಭಾವ. ಹುಳ ಹಿಡಿದ ಹಳೆಯ ಪುಸ್ತಕಗಳನ್ನು ಸುಡಿಸಿದಾಗ, ಲೂಸಿ ಬೈಬಲ್ ಸುಟ್ಟರು ಎಂದು ದೊಡ್ಡ ಗುಲ್ಲೆದ್ದಿತು. ವಿಚಾರಣೆ ನಡೆದು ಆರೋಪ ಬಿದ್ದುಹೋಯಿತು.

1873ರಲ್ಲಿ ಸರ್ಕಾರದ ಆಯೋಗವೊಂದು ಆಸ್ಪತ್ರೆಯನ್ನು ಪರಿಶೀಲಿಸಿತು. ತಪ್ಪು ಆಡಳಿತದ್ದು, ಲೂಸಿಯದಲ್ಲ ಎಂದು ಅದು ಸ್ಪಷ್ಟವಾಗಿ ಹೇಳಿತು. ಐದು ವರ್ಷ ಬೈಗುಳ ಕೇಳಿಯೂ ಅವರು ಕೆಲಸ ಬಿಟ್ಟು ಊರಿಗೆ ಹೊರಡಲಿಲ್ಲ ನೋಡಿ, ರಾಜಕುಮಾರನ ಆರೈಕೆಗಿಂತ ನನಗೆ ಇದೇ ದೊಡ್ಡದಾಗಿ ಕಾಣುತ್ತದೆ.

ಲೂಸಿ ಅಲ್ಲಿನ ಹುಡುಗಿಯರಿಗೇ ದಾದಿಯ ಕೆಲಸ ಕಲಿಸಿದರು. ಕಲಿತವರು ಬೇರೆ ಆಸ್ಪತ್ರೆಗಳಿಗೆ ಹೋಗಿ ಅಲ್ಲಿ ಮುಖ್ಯಸ್ಥರಾದರು. ಹೀಗೆ ಒಂದು ದೀಪದಿಂದ ಹಲವು ದೀಪ ಹೊತ್ತಿದವು.

1884ರಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಲಂಡನ್ನಿನ ಬಡ ರೋಗಿಗಳ ಸೇವೆಗೆ ನಿಂತರು. 1891ರಲ್ಲಿ, 55ನೇ ವಯಸ್ಸಿನಲ್ಲಿ ತೀರಿಕೊಂಡರು. ಸಿಡ್ನಿಯ ಆ ಆಸ್ಪತ್ರೆ ಇಂದಿಗೂ ಇದೆ. ದಾದಿಯರಿಗಾಗಿ ಆಗ ಕಟ್ಟಿದ ಕಟ್ಟಡದಲ್ಲಿ ಈಗ ಲೂಸಿಯ ಹೆಸರು ಹೊತ್ತ ವಸ್ತುಸಂಗ್ರಹಾಲಯವಿದೆ.