ಸಾಗವಾನಿ ಪೆಟ್ಟಿಗೆಯಲ್ಲಿ ಗಾಳಿಯ ದಾರಿ

ಆಷಾಢದ ಮಳೆ ಹಿಡಿಯಿತೆಂದರೆ ಅಳ್ನಾವರದ ಹಳೆಯ ಮನೆಗಳ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಭುಜ ಕೊಟ್ಟು ತಳ್ಳಿದರೇ ತೆರೆಯುವುದು. ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಅದೇ ಬಾಗಿಲು ಬೆರಳು ತಾಗಿಸಿದರೆ ಸಾಕು, ಸರಾಗವಾಗಿ ಸರಿಯುತ್ತದೆ. ಮರ ಕಡಿದು ಎಷ್ಟು ವರ್ಷವಾದರೂ ತೇವ ಕುಡಿದು ಹಿಗ್ಗುವುದನ್ನು, ಒಣಗಿ ಕುಗ್ಗುವುದನ್ನು ಬಿಡುವುದಿಲ್ಲ. ಕಂಪ್ಯೂಟರಿಗೆ ಮನೆಯಲ್ಲೇ ಮರದ ಪೆಟ್ಟಿಗೆ ಮಾಡಬೇಕೆನ್ನುವವರಿಗೆ ಈ ಬಾಗಿಲೇ ಮೊದಲ ಗುರು.

ಅಳ್ನಾವರ ಮರದ ಜೊತೆ ಬಾಳಿದ ಊರು. ದಾಂಡೇಲಿಯ ಕಾಡಿನ ದಿಮ್ಮಿಗಳು ರೈಲಿನಲ್ಲಿ ಬಂದು ಈ ಜಂಕ್ಷನ್ ದಾಟಿ ಮುಂದೆ ಹೋಗುತ್ತಿದ್ದವು. ಮಲೆನಾಡಿನ ಸೆರಗಿನಲ್ಲಿರುವುದರಿಂದ ಮಳೆ, ತೇವ ಎರಡೂ ಹೆಚ್ಚು. ಇಂಥ ಕಡೆ ಕಂಪ್ಯೂಟರಿನ ತಗಡಿನ ಕ್ಯಾಬಿನೆಟ್ಟಿಗೆ ಬಣ್ಣ ಕಿತ್ತಲ್ಲೆಲ್ಲ ತುಕ್ಕು ಹತ್ತುತ್ತದೆ. ಒಳಗಿನ ಮದರ್‌ಬೋರ್ಡ್ ಇನ್ನೂ ಗಟ್ಟಿಯಾಗಿರುವಾಗಲೇ ಇಡೀ ಯಂತ್ರ ಗುಜರಿಗೆ ಹೋಗುವುದೂ ಉಂಟು. ಅಂಥ ಬೋರ್ಡಿಗೆ ಹೊಸ ಗೂಡು ಕಟ್ಟಿಕೊಟ್ಟರೆ ಶಾಲೆಗೋ ವಾಚನಾಲಯಕ್ಕೋ ಇನ್ನಷ್ಟು ವರ್ಷ ದುಡಿಯುತ್ತದೆ.

ಮರದ ಪೆಟ್ಟಿಗೆ ಹೊಸ ಹುಚ್ಚೇನೂ ಅಲ್ಲ. 1976ರಲ್ಲಿ ಸ್ಟೀವ್ ವೋಜ್ನಿಯಾಕ್ ವಿನ್ಯಾಸಗೊಳಿಸಿದ ಆಪಲ್-1 ಕಂಪ್ಯೂಟರ್ ಬರೀ ಬೋರ್ಡಾಗಿ ಮಾರಾಟವಾಯಿತು. ಬೆಲೆ 666.66 ಡಾಲರ್, ತಯಾರಾದದ್ದು ಸುಮಾರು 200. ಕೀಲಿಮಣೆ, ಟಿವಿ ಪರದೆ, ಹೊರಗಿನ ಪೆಟ್ಟಿಗೆ ಎಲ್ಲವನ್ನೂ ಕೊಂಡವರೇ ಹೊಂದಿಸಿಕೊಳ್ಳಬೇಕಿತ್ತು. ಅದನ್ನು ಮಾರಿದ ಬೈಟ್ ಶಾಪ್ ಅಂಗಡಿ ಹವಾಯಿ ದ್ವೀಪದ ಕೋವಾ ಮರದ ಪೆಟ್ಟಿಗೆಗಳನ್ನು ಮಾಡಿಸಿತ್ತು. ಮನೆಮನೆಯ ಕಂಪ್ಯೂಟರಿನ ಕಥೆಯ ಮೊದಲ ಪುಟಗಳಲ್ಲೇ ಬಡಿಗನೂ ಇದ್ದಾನೆ.

ಇಂದು ಕೆಲಸ ಇನ್ನೂ ಹಗುರ, ಏಕೆಂದರೆ ಅಳತೆಗಳು ಗೊತ್ತುಪಡಿಸಿದವು. ಇಂಟೆಲ್ 1995ರಲ್ಲಿ ಪ್ರಕಟಿಸಿದ ಎಟಿಎಕ್ಸ್ ಮಾದರಿಯ ಬೋರ್ಡ್ 305 × 244 ಮಿಲಿಮೀಟರ್. ಮೈಕ್ರೋ ಎಟಿಎಕ್ಸ್ ಎರಡು ಬದಿಯೂ 244. ವಿಯಾ ಕಂಪನಿ 2001ರಲ್ಲಿ ತಂದ ಮಿನಿ ಐಟಿಎಕ್ಸ್ ಎರಡು ಬದಿಯೂ 170. ಹಿಂಬದಿಯಲ್ಲಿ ತಂತಿ ಚುಚ್ಚುವ ಕಿಂಡಿ ಸುಮಾರು 159 × 44.5 ಮಿಲಿಮೀಟರ್. ವಿದ್ಯುತ್ ಕೊಡುವ ಎಸ್‌ಎಂಪಿಎಸ್ 150 ಅಗಲ, 86 ಎತ್ತರ, ಸಾಮಾನ್ಯವಾಗಿ 140 ಉದ್ದ. ಇಷ್ಟನ್ನು ಕಾಗದದಲ್ಲಿ ಬರೆದುಕೊಟ್ಟರೆ ಕಪಾಟು ಮಾಡುವ ಬಡಿಗನಿಗೆ ಇದು ಅಪರಿಚಿತ ಕೆಲಸವಲ್ಲ.

ನಿಜವಾದ ಪ್ರಶ್ನೆ ಶಾಖದ್ದು. ಕಂಪ್ಯೂಟರ್ ನುಂಗುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬೀಳಬೇಕು. 100 ವಾಟ್ ಎಳೆಯುವ ಯಂತ್ರ 100 ವಾಟಿನ ಒಲೆಯಿದ್ದಂತೆ. ಲೋಹಕ್ಕೆ ಹೋಲಿಸಿದರೆ ಮರ ಶಾಖ ಸಾಗಿಸುವುದೇ ಇಲ್ಲ ಎನ್ನಬೇಕು: ಅಲ್ಯೂಮಿನಿಯಂ ಅದರ ಸಾವಿರ ಪಟ್ಟಿಗೂ ಹೆಚ್ಚು ಸಾಗಿಸುತ್ತದೆ. ಹಾಗಾದರೆ ಮರದೊಳಗೆ ಯಂತ್ರ ಬೆಂದುಹೋಗುವುದಿಲ್ಲವೇ? ತಗಡಿನ ಡಬ್ಬಿಯಲ್ಲೂ ಬಹುಪಾಲು ಬಿಸಿ ಗೋಡೆ ದಾಟಿ ಹೋಗುವುದಿಲ್ಲ, ಗಾಳಿಯ ಬೆನ್ನೇರಿ ಹೋಗುತ್ತದೆ. ಆ ಗಾಳಿ ಎಷ್ಟು ಬೇಕೆಂದು ಮನೆಯಲ್ಲೇ ಲೆಕ್ಕ ಹಾಕಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕಿಲೊ ತೂಗುತ್ತದೆ. ಅದನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 11,000 ಜೂಲ್ ಬೇಕು. 100 ವಾಟ್ ಯಂತ್ರ ಅಷ್ಟನ್ನು 110 ಸೆಕೆಂಡಿನಲ್ಲಿ ಹೊರಹಾಕುತ್ತದೆ. ಅಂದರೆ ಒಳಗಿನ ಗಾಳಿ ಕೋಣೆಗಿಂತ 10 ಡಿಗ್ರಿ ಮೀರದಿರಲು ಸೆಕೆಂಡಿಗೆ 9 ಲೀಟರ್ ಗಾಳಿ ಹರಿಯಬೇಕು. ಅದು ಒಂದು ಸಣ್ಣ ಕೊಡದಷ್ಟು. 120 ಮಿಲಿಮೀಟರ್ ಫ್ಯಾನ್ ಒಂದೇ ಇದನ್ನು ಸದ್ದಿಲ್ಲದೆ ಮಾಡೀತು, ದಾರಿ ಬಿಟ್ಟರೆ ಮಾತ್ರ.

ಎಡವುವುದು ಈ ದಾರಿಯಲ್ಲೇ. ಅಂದಕ್ಕೆಂದು ನಾಲ್ಕು ಸಣ್ಣ ತೂತು ಕೊರೆದು ಬಿಟ್ಟರೆ ಫ್ಯಾನ್ ಏದುಸಿರು ಬಿಡುತ್ತದೆ. ದಾರಿ ಅರ್ಧಕ್ಕಿಳಿದರೆ ಅದೇ ಗಾಳಿ ಎರಡು ಪಟ್ಟು ವೇಗದಲ್ಲಿ ನುಗ್ಗಬೇಕು, ತಳ್ಳಲು ಬೇಕಾದ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಒಳಬರುವ ಕಿಂಡಿಯೂ ಹೊರಹೋಗುವ ಕಿಂಡಿಯೂ ಪಕ್ಕಪಕ್ಕ ಇದ್ದರೆ ಬಿಟ್ಟ ಬಿಸಿಯುಸಿರನ್ನೇ ಮತ್ತೆ ಎಳೆದುಕೊಂಡಂತೆ. ನವಲಗುಂದ, ಅಣ್ಣಿಗೇರಿ ಕಡೆಯ ಮಾಳಿಗೆ ಮನೆಗಳಲ್ಲಿ ಹಿರಿಯರು ಇದನ್ನು ಬಲ್ಲವರಾಗಿದ್ದರು. ತಂಪುಗಾಳಿ ಬಾಗಿಲಿನಿಂದ ಒಳಗೆ, ಒಲೆಯ ಬಿಸಿ ಹೊಗೆ ಬೆಳಕಿಂಡಿಯಿಂದ ಮೇಲಕ್ಕೆ. ಪೆಟ್ಟಿಗೆಗೂ ಅದೇ ನ್ಯಾಯ: ಮುಂದೆ ಕೆಳಗೆ ಒಳದಾರಿ, ಹಿಂದೆ ಮೇಲೆ ಹೊರದಾರಿ, ನಡುವೆ ಪ್ರೊಸೆಸರ್.

ಒಳದಾರಿಗೆ ಸೊಳ್ಳೆ ಪರದೆಯ ಜಾಳಿಗೆ ಕಟ್ಟಿದರೆ ಧೂಳು ತಡೆಯುತ್ತದೆ, ಜಿರಳೆ ಹಲ್ಲಿಗಳೂ ಬೆಚ್ಚಗಿನ ಜಾಗ ಹುಡುಕಿ ನುಗ್ಗವು. ಫ್ಯಾನನ್ನು ಆ ಜಾಳಿಗೆಯ ಹಿಂದೆ, ಒಳಕ್ಕೆ ಊದುವಂತೆ ಕೂರಿಸಿ. ಆಗ ಒಳಗಿನ ಒತ್ತಡ ತುಸು ಹೆಚ್ಚಿದ್ದು ಸಂದಿಗಳಿಂದ ಗಾಳಿ ಹೊರಕ್ಕೇ ಸೋರುತ್ತದೆ; ಧೂಳು ಕಳ್ಳದಾರಿಯಲ್ಲಿ ಬರುವುದಿಲ್ಲ. ಜಾಳಿಗೆ ತಿಂಗಳಿಗೊಮ್ಮೆ ತೊಳೆಯುವಂತೆ ಬಿಚ್ಚಿ ಬರಬೇಕು.

ಈಗ ಆಷಾಢದ ಬಾಗಿಲಿಗೆ ಮರಳೋಣ. ಸಾಗವಾನಿ ಸ್ಥಿರ ಮರವೆಂದು ಹೆಸರಾದದ್ದು. ಆದರೂ ಅದರ 20 ಸೆಂಟಿಮೀಟರ್ ಅಗಲದ ಹಲಗೆಯ ತೇವಾಂಶ ಶೇಕಡಾ 8ರಿಂದ 14ಕ್ಕೆ ಏರಿದರೆ ಅಗಲ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಉದ್ದ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮದರ್‌ಬೋರ್ಡನ್ನು ನೇರ ಹಲಗೆಗೆ ಸ್ಕ್ರೂ ಹಾಕಿ ಬಿಗಿದರೆ ಈ ಎಳೆತ ಬೋರ್ಡಿನ ಮೇಲೆ ಬೀಳುತ್ತದೆ. ಹಾಗಾಗಿ ನಡುವೆ ಒಂದು ಅಲ್ಯೂಮಿನಿಯಂ ತಗಡು ಬೇಕು. ಬೋರ್ಡು ಸುಮಾರು 6 ಮಿಲಿಮೀಟರ್ ಎತ್ತರದ ಹಿತ್ತಾಳೆಯ ಪುಟ್ಟ ಕಂಬಗಳ ಮೇಲೆ ತಗಡಿಗೆ ಬಿಗಿದಿರಲಿ. ತಗಡನ್ನು ಮರಕ್ಕೆ ಹಿಡಿಸುವ ತೂತುಗಳು ಮಾತ್ರ ಉದ್ದುದ್ದ ಇರಲಿ, ಮರ ತನ್ನ ಪಾಡಿಗೆ ಹಿಗ್ಗಲಿ. ಪ್ಲೈವುಡ್‌ನಲ್ಲಿ ಪದರಗಳು ಒಂದಕ್ಕೊಂದು ಅಡ್ಡ ಅಂಟಿರುವುದರಿಂದ ಈ ಕಾಟ ಕಡಿಮೆ.

ಇದೇ ತಗಡು ಇನ್ನೊಂದು ಕೊರತೆಯನ್ನೂ ತುಂಬುತ್ತದೆ. ಲೋಹದ ಕ್ಯಾಬಿನೆಟ್ಟಿನಲ್ಲಿ ಎಲ್ಲ ಭಾಗಕ್ಕೂ ಅರ್ಥಿಂಗ್ ತಾನಾಗಿ ಸಿಗುತ್ತದೆ, ಮರದಲ್ಲಿ ಸಿಗದು. ತಗಡಿನಿಂದ ಎಸ್‌ಎಂಪಿಎಸ್‌ನ ಲೋಹದ ಮೈಗೆ ಒಂದು ದಪ್ಪ ತಾಮ್ರದ ತಂತಿ ಜೋಡಿಸಿ, ಮೂರು ಪಿನ್ನಿನ ಸಾಕೆಟ್ಟಿಗೆ ನಿಜವಾದ ಅರ್ಥಿಂಗ್ ಇದೆಯೇ ನೋಡಿಸಿಕೊಳ್ಳಿ. ಒಳಗೋಡೆಗೆಲ್ಲ ತಗಡು ಹೊದಿಸಿ ಒಂದಕ್ಕೊಂದು ಬೆಸೆದರೆ, ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿಕೊಟ್ಟ ಲೋಹದ ಪಂಜರದ ತತ್ವದಂತೆ, ಪಕ್ಕದ ರೇಡಿಯೋದ ಕರಕರವೂ ತಗ್ಗುತ್ತದೆ. ಎಸ್‌ಎಂಪಿಎಸ್‌ನ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಜೀವಕ್ಕೆ ಕುತ್ತಾಗುವ ವಿದ್ಯುತ್ ಉಳಿದಿರುತ್ತದೆ.

ಹಲಗೆಗೆ ಗರಗಸ ಹಾಕುವ ಮೊದಲು ರಟ್ಟಿನಲ್ಲಿ ಒಂದು ಪೆಟ್ಟಿಗೆ ಮಾಡಿ ನೋಡಿ. ತಂತಿ ಎಲ್ಲಿ ಬಾಗುತ್ತದೆ, ಕೈ ಎಲ್ಲಿ ತೂರುವುದಿಲ್ಲ ಎಂಬುದು ನಕ್ಷೆಯಲ್ಲಿ ಕಾಣದು, ರಟ್ಟಿನಲ್ಲಿ ಕಾಣುತ್ತದೆ. ಮರವನ್ನು ಹಳೆಯ ಮನೆ ಬಿಚ್ಚಿದ ಕಡೆ ಹುಡುಕಿ. ಹತ್ತಾರು ಮಳೆಗಾಲ ಕಂಡು ಪಳಗಿದ ಸಾಗವಾನಿ ಅಲ್ಲಿ ಸಿಗುತ್ತದೆ, ಕಾಡಿನ ಮರವೂ ಉಳಿಯುತ್ತದೆ.

ಎಲ್ಲ ಮುಗಿದು ಯಂತ್ರ ಒಂದು ಗಂಟೆ ಓಡಿದ ಮೇಲೆ ಹಿಂದಿನ ಕಿಂಡಿಗೆ ಅಂಗೈ ಹಿಡಿಯಿರಿ. ಬೆಚ್ಚಗಿನ ಗಾಳಿ ಒಂದೇ ಸಮನೆ ತಾಗಿದರೆ ಲೆಕ್ಕ ಸರಿ. ಮರವನ್ನು ಮುಟ್ಟಿ ನೋಡಿ, ಅದು ತಣ್ಣಗೇ ಇರುತ್ತದೆ. ಇನ್ನುಳಿದ ಪರೀಕ್ಷೆ ಒಂದೇ. ಮುಂದಿನ ಆಷಾಢದಲ್ಲಿ ಮನೆಯ ಬಾಗಿಲು ಬಿಗಿದ ದಿನ ಈ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿ. ಸಲೀಸಾಗಿ ಬಂದರೆ ಬಾಗಿಲು ಕಲಿಸಿದ ಪಾಠ ನಿಮ್ಮ ಕೈಗೆ ಹತ್ತಿದೆ.