ತಟ್ಟದ ವಿಷ: ವಿಡಿಯೊ ಆಟಗಳ ಎದುರಾಳಿಗಳಲ್ಲಿ ಉತ್ಸರ್ಗ ಮತ್ತು ಅಪವಾದ

ವ್ಯಾಕರಣವನ್ನು ಪಾಠ ಮಾಡುವವರಿಗೆ ಉತ್ಸರ್ಗ ಮತ್ತು ಅಪವಾದಗಳ ಸಂಬಂಧ ಚಿರಪರಿಚಿತವಾದುದು. ಸಾಮಾನ್ಯ ಸೂತ್ರವನ್ನು ವಿಧಿಸಿ, ಅದು ಸಲ್ಲದ ಎಡೆಗಳನ್ನು ಬೇರೆಯಾಗಿ ಹೇಳುವುದು ಶಾಸ್ತ್ರದ ಕ್ರಮ. ಇದೇ ಕ್ರಮವನ್ನು ಕಥನನಿರ್ಮಾಣಕ್ಕೆ ಬಳಸಿಕೊಂಡಿರುವ ಪ್ರಕಾರವೊಂದು ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿದೆ. ಅದು ವಿಡಿಯೊ ಆಟ. ಜಪಾನಿನಲ್ಲಿ ರೂಪುಗೊಂಡ ಕೆಲವು ಆಟಗಳಲ್ಲಿ ವಿಷ, ನಿದ್ರೆ ಮೊದಲಾದವು ಕೆಲವು ಬಗೆಯ ಎದುರಾಳಿಗಳಿಗೆ ತಟ್ಟದಿರುವುದನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂತಹ ಆಟಗಳಲ್ಲಿ ಪ್ರತಿಯೊಂದು ಜೀವಿಯ ಆಯುಸ್ಸನ್ನು ಒಂದು ಸಂಖ್ಯೆ ಸೂಚಿಸುತ್ತದೆ. ಹೊಡೆತ ಬಿದ್ದಂತೆ ಅದು ಇಳಿಯುತ್ತದೆ, ಸೊನ್ನೆಯಾದರೆ ಸೋಲು. ಸ್ಥಿತಿಪರಿಣಾಮ ಎನ್ನುವುದು ಹೊಡೆತಕ್ಕಿಂತ ಭಿನ್ನವಾದುದು. ಅದು ಎದುರಾಳಿಯ ಸ್ಥಿತಿಯನ್ನೇ ಬದಲಿಸುತ್ತದೆ: ನಿದ್ರೆಗೆ ಕೆಡವುತ್ತದೆ, ಮಂತ್ರ ಹೇಳದಂತೆ ಬಾಯಿ ಕಟ್ಟುತ್ತದೆ, ವಿಷವೇರಿಸಿ ಸರದಿಗೊಮ್ಮೆ ಕುಗ್ಗಿಸುತ್ತದೆ. ಬಲದಲ್ಲಿ ಕಡಿಮೆಯಾದವನು ಉಪಾಯದಿಂದ ಗೆಲ್ಲಬಹುದಾದ ದಾರಿ ಇದು. ಆದುದರಿಂದ ಈ ದಾರಿಯನ್ನು ಯಾರ ಮುಂದೆ, ಏಕೆ ಮುಚ್ಚಲಾಗಿದೆ ಎಂಬ ಪ್ರಶ್ನೆಗೆ ಮಹತ್ತ್ವವುಂಟು.

1996ರಲ್ಲಿ ಜಪಾನಿನಲ್ಲಿ ಆರಂಭವಾದ ಪೋಕೆಮಾನ್ ಸರಣಿ ಇದಕ್ಕೆ ಉತ್ತಮ ನಿದರ್ಶನ. ಅದರ ಜೀವಿಗಳು ಬೆಂಕಿ, ಹಿಮ, ವಿಷ ಮುಂತಾದ ವರ್ಗಗಳಿಗೆ ಸೇರಿವೆ. ಬೆಂಕಿಯ ಜೀವಿಗೆ ಸುಟ್ಟಗಾಯವಾಗದು. ಹಿಮದ ಜೀವಿ ಹೆಪ್ಪುಗಟ್ಟದು. ವಿಷದ ಜೀವಿಗೆ ವಿಷವೇರದು. 1999ರ ಗೋಲ್ಡ್ ಮತ್ತು ಸಿಲ್ವರ್ ಆಟಗಳಲ್ಲಿ ಬಂದ ಉಕ್ಕಿನ ವರ್ಗಕ್ಕೂ ವಿಷ ತಟ್ಟದು. 2013ರ ಎಕ್ಸ್ ಮತ್ತು ವೈ ಆಟಗಳಿಂದ ವಿದ್ಯುತ್ತಿನ ಜೀವಿಗಳು ಸ್ತಂಭನಕ್ಕೆ ಒಳಗಾಗುವುದಿಲ್ಲ. ಇಲ್ಲಿ ಅಪವಾದವೇ ವರ್ಣನೆಯಾಗಿದೆ ಎಂಬುದು ಗಮನಾರ್ಹ. ಉಕ್ಕಿಗೆ ರಕ್ತವಿಲ್ಲ ಎಂದು ಯಾವ ಪಾತ್ರವೂ ಹೇಳಬೇಕಾಗಿಲ್ಲ. ವಿಷ ವ್ಯರ್ಥವಾದಾಗ ಆಟಗಾರನೇ ಅದನ್ನು ಊಹಿಸಿಕೊಳ್ಳುತ್ತಾನೆ.

ಇನ್ನೂ ಸೂಕ್ಷ್ಮವಾದ ಭೇದವೊಂದಿದೆ. 2013ರಿಂದ ಸಸ್ಯವರ್ಗದ ಜೀವಿಗಳಿಗೆ ಪುಡಿ ಎರಚುವ ಪ್ರಯೋಗಗಳು ತಾಗುವುದಿಲ್ಲ. ಹಾಗೆಂದು ಅವುಗಳಿಗೆ ನಿದ್ರೆಯೇ ಬಾರದೆಂದಲ್ಲ. ನಿದ್ರೆಯ ಪುಡಿ ತಾಗದ ಜೀವಿಯೂ ಸಮ್ಮೋಹನದಿಂದ ಮಲಗಬಹುದು. ಮೊದಲನೆಯ ಬಗೆಯ ಜೀವಿ ಸ್ಥಿತಿಯನ್ನು ನಿರಾಕರಿಸಿದರೆ, ಇದು ಸಾಧನವನ್ನು ಮಾತ್ರ ನಿರಾಕರಿಸುತ್ತದೆ. ಅಪವಾದಕ್ಕೂ ಅಪವಾದವುಂಟು. 2016ರ ಸನ್ ಮತ್ತು ಮೂನ್ ಆಟಗಳಲ್ಲಿ ಬಂದ ಸಲಾಂಡಿಟ್ ಎಂಬ ಜೀವಿಗೆ ಇರಬಹುದಾದ ಒಂದು ಗುಣ 'ಕೊರೋಷನ್', ಎಂದರೆ ಲೋಹವನ್ನು ಕೊರೆದು ತಿನ್ನುವಿಕೆ. ಆ ಗುಣವುಳ್ಳದ್ದು ಉಕ್ಕಿಗೂ ವಿಷವೇರಿಸಬಲ್ಲದು. ನಿಷೇಧಿಸಿದ ವಿಧಿಯನ್ನು ಮತ್ತೆ ಸಲ್ಲುವಂತೆ ಮಾಡುವ ಈ ಕ್ರಮವನ್ನು ಶಾಸ್ತ್ರಕಾರರು ಪ್ರತಿಪ್ರಸವ ಎಂದು ಕರೆದಿದ್ದಾರೆ.

ಸ್ವಭಾವದಿಂದ ಹುಟ್ಟುವ ಅಪವಾದ ಕೆಲವೊಮ್ಮೆ ಸೂತ್ರವನ್ನು ತಲೆಕೆಳಗು ಮಾಡುವುದೂ ಉಂಟು. 1994ರ ಫೈನಲ್ ಫ್ಯಾಂಟಸಿ 6ರಲ್ಲಿ ಸತ್ತವರ ಆತ್ಮಗಳನ್ನು ಪರಲೋಕಕ್ಕೆ ಒಯ್ಯುವ ರೈಲೇ ಒಬ್ಬ ಎದುರಾಳಿ. ಸತ್ತೂ ಇರುವ ವರ್ಗಕ್ಕೆ ಸೇರಿದ ಆ ರೈಲಿನ ಮೇಲೆ, ಬಿದ್ದ ಸಂಗಾತಿಗಳನ್ನು ಎಬ್ಬಿಸುವ ಫೀನಿಕ್ಸ್ ಗರಿಯನ್ನು ಪ್ರಯೋಗಿಸಿದರೆ ಅದು ಒಂದೇ ಏಟಿಗೆ ನಾಶವಾಗುತ್ತದೆ. ಬದುಕಿಸುವ ವಸ್ತುವೇ ಇಲ್ಲಿ ಕೊಲ್ಲುತ್ತದೆ.

ಆದರೆ ಎಲ್ಲ ಅಪವಾದಗಳೂ ಹೀಗೆ ಅರ್ಥಪೂರ್ಣವಲ್ಲ. ಆಟಗಾರರು 'ಬಾಸ್' ಎಂದು ಕರೆಯುವ ಪ್ರಮುಖ ಶತ್ರುಗಳಿಗೆ ಅನೇಕ ಆಟಗಳಲ್ಲಿ ಬಹುಪಾಲು ಸ್ಥಿತಿಪರಿಣಾಮಗಳು ತಟ್ಟುವುದಿಲ್ಲ. ಇದಕ್ಕೆ ಕಾರಣ ಪಾತ್ರದ ಸ್ವಭಾವವಲ್ಲ, ರಚನಕಾರರ ಆತಂಕ: ಒಂದೇ ಮರಣಮಂತ್ರದಿಂದ ಅಂತಿಮ ಯುದ್ಧ ಮುಗಿದುಹೋಗಬಾರದಲ್ಲ! ಆತಂಕ ಸಹಜವಾದುದೇ. ಆದರೂ ದಾರಿಯುದ್ದಕ್ಕೂ ಕಲಿಸಿದ ವಿದ್ಯೆಯನ್ನು ಅತ್ಯಂತ ಅಗತ್ಯವಾದ ಗಳಿಗೆಯಲ್ಲಿ ಕಾರಣ ಹೇಳದೆ ಕಿತ್ತುಕೊಂಡಾಗ, ಆಟಗಾರನು ಶತ್ರುವಿನ ಬದಲಾಗಿ ರಚನಕಾರನೊಡನೆ ಸೆಣಸುವಂತಾಗುತ್ತದೆ.

ಇಂತಹ ನಿಷೇಧ ಎಷ್ಟು ದುರ್ಬಲವೆಂಬುದನ್ನು ಅದೇ ಫೈನಲ್ ಫ್ಯಾಂಟಸಿ 6 ತೋರಿಸಿಕೊಟ್ಟಿದೆ. ಅದೃಶ್ಯವಾದುದಕ್ಕೆ ಮಂತ್ರ ತಪ್ಪದೆ ತಗಲುತ್ತದೆ ಎಂಬುದು ಅಲ್ಲಿಯ ಒಂದು ಸೂತ್ರ. ಆಟದ ಕ್ರಮವಿಧಿ ಈ ಸೂತ್ರವನ್ನು ಮೊದಲು ನೋಡುತ್ತಿತ್ತು. ಮರಣಮಂತ್ರ ಸಲ್ಲದೆಂಬ ಅಪವಾದದವರೆಗೆ ಅದು ಹೋಗುತ್ತಲೇ ಇರಲಿಲ್ಲ. ಆದುದರಿಂದ ಅನೇಕ ಬಾಸ್‌ಗಳನ್ನು ಮೊದಲು ಅದೃಶ್ಯಗೊಳಿಸಿ, ಅನಂತರ ಮರಣಮಂತ್ರದಿಂದ ಮುಗಿಸಲು ಸಾಧ್ಯವಾಯಿತು. ಉತ್ಸರ್ಗಕ್ಕಿಂತ ಅಪವಾದ ಬಲವತ್ತರ ಎಂಬ ತತ್ತ್ವವನ್ನು ಮರೆತುದರ ಫಲವಿದು. 2006ರ ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿಯಲ್ಲಿ ದೋಷವನ್ನು ತಿದ್ದಲಾಯಿತು.

ಈ ಎರಡು ತುದಿಗಳ ನಡುವಿನ ಮಾರ್ಗವನ್ನು 2004ರಲ್ಲಿ ಆರಂಭವಾದ ಮಾನ್‌ಸ್ಟರ್ ಹಂಟರ್ ಸರಣಿಯಲ್ಲಿ ಕಾಣಬಹುದು. ಅಲ್ಲಿ ವಿಷವಾಗಲಿ ನಿದ್ರೆಯಾಗಲಿ ಹೊಡೆತದಿಂದ ಹೊಡೆತಕ್ಕೆ ಸಂಚಯವಾಗಿ, ಒಂದು ಮಿತಿಯನ್ನು ಮುಟ್ಟಿದಾಗ ಫಲಿಸುತ್ತದೆ. ಒಮ್ಮೆ ಫಲಿಸಿದ ಮೇಲೆ ಆ ಮಿತಿ ಏರುತ್ತದೆ. ಉಪಾಯ ನಿಷಿದ್ಧವಲ್ಲ, ಪ್ರತಿಸಲವೂ ದುಬಾರಿಯಾಗುತ್ತದೆ, ಅಷ್ಟೆ. ಪೆಟ್ಟು ತಿಂದ ಪ್ರಾಣಿ ಎಚ್ಚರಗೊಳ್ಳುವುದು ಲೋಕಾನುಭವಕ್ಕೂ ಹೊಂದುವ ಮಾತು.

ಒಟ್ಟಾರೆಯಾಗಿ ಹೇಳುವುದಾದರೆ, ಸ್ವಭಾವದಲ್ಲಿ ಬೇರಿರುವ ಅಪವಾದ ಪಾತ್ರವನ್ನು ಕಟ್ಟುತ್ತದೆ. ಬೇರಿಲ್ಲದ ಅಪವಾದ ಕೇವಲ ಬೇಲಿಯಾಗುತ್ತದೆ. ವಿಡಿಯೊ ಆಟವನ್ನು ಪಠ್ಯವೆಂದು ಪರಿಗಣಿಸಿ ಅಧ್ಯಯನ ಮಾಡುವವರು ಅದರ ಕಥೆಯನ್ನೂ ಸಂಭಾಷಣೆಯನ್ನೂ ಮಾತ್ರ ನೋಡಿದರೆ ಸಾಲದು. ಅದರ ಸೂತ್ರಗಳು ಎಲ್ಲಿ ನಿಲ್ಲುತ್ತವೆ, ಏಕೆ ನಿಲ್ಲುತ್ತವೆ ಎಂಬುದನ್ನೂ ಓದಬೇಕು. ಆ ಓದಿಗೆ ಬೇಕಾದ ಪರಿಭಾಷೆ ನಮ್ಮ ವ್ಯಾಕರಣ ತರಗತಿಗಳಲ್ಲಿ ಆಗಲೇ ಸಿದ್ಧವಾಗಿದೆ.